ಹಳೆಯ ಮೊಬೈಲ್ ಕೊಳ್ಳುವ ಮುನ್ನ

ಕಾಲೇಜಿಗೆ ಸೇರಿದ ಮಗಳಿಗೆ, ಊರಿನಲ್ಲಿರುವ ಅಪ್ಪನಿಗೆ, ಡೆಲಿವರಿ ಕೆಲಸಕ್ಕೆ ಹೊರಟ ಹುಡುಗನಿಗೆ ಕೈಗೆಟುಕುವ ಬೆಲೆಯಲ್ಲಿ ಒಳ್ಳೆಯ ಫೋನ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೇ ದಾರಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸಣ್ಣ ಮೊಬೈಲ್ ಅಂಗಡಿಯವರೆಗೆ ಈ ವ್ಯಾಪಾರ ನಡೆಯುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಕ್ಯಾಮೆರಾ, ರ‍್ಯಾಮ್, ಮೈಮೇಲಿನ ಗೀರು ನೋಡಿ ಚೌಕಾಸಿಗೆ ಇಳಿಯುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಮೂರು: ಈ ಫೋನ್ ಯಾರದು, ಎಷ್ಟು ಸವೆದಿದೆ, ಇನ್ನೆಷ್ಟು ವರ್ಷ ಬಾಳುತ್ತದೆ? ಉತ್ತರ ಬಹುಮಟ್ಟಿಗೆ ಫೋನಿನಲ್ಲೇ ಸಿಗುತ್ತದೆ.

ಐಎಂಇಐ: ಫೋನಿನ ಪಹಣಿ

ಹೊಲ ಕೊಳ್ಳುವವರು ಮೊದಲು ಪಹಣಿ ನೋಡುವಂತೆ, ಫೋನ್ ಕೊಳ್ಳುವವರು ಮೊದಲು ಐಎಂಇಐ ನೋಡಬೇಕು. ಇದು 15 ಅಂಕಿಗಳ ಗುರುತಿನ ಸಂಖ್ಯೆ. ಮೊದಲ 8 ಅಂಕಿಗಳು ಫೋನಿನ ಮಾದರಿಯನ್ನು ಸೂಚಿಸುತ್ತವೆ. ಕೊನೆಯ ಅಂಕಿ ಉಳಿದ 14ರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಎರಡು ಸಿಮ್‌ನ ಫೋನಿಗೆ ಎರಡು ಐಎಂಇಐ ಇರುತ್ತವೆ. ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿದರೆ ಅವು ಪರದೆಯ ಮೇಲೆ ಬರುತ್ತವೆ. ಬಾಕ್ಸ್ ಮತ್ತು ಬಿಲ್ಲಿನಲ್ಲಿರುವ ಸಂಖ್ಯೆಯೂ ಅದೇ ಆಗಿರಬೇಕು.

ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಸಂಚಾರ ಸಾಥಿ ಜಾಲತಾಣವನ್ನು ಆರಂಭಿಸಿತು. ಕಳೆದುಹೋದ ಅಥವಾ ಕಳವಾದ ಫೋನನ್ನು ಪೊಲೀಸ್ ದೂರಿನ ಆಧಾರದ ಮೇಲೆ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ಇಲ್ಲಿ ಬ್ಲಾಕ್ ಮಾಡಿಸಬಹುದು. ಕೊಳ್ಳುವವರಿಗೂ ಇದರಿಂದ ಉಪಯೋಗವಿದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳುಹಿಸಿ. ಉತ್ತರದಲ್ಲಿ ಬಂದ ಕಂಪನಿ, ಮಾದರಿಯ ಹೆಸರು ಕೈಯಲ್ಲಿರುವ ಫೋನಿಗೆ ಹೊಂದಬೇಕು. ಹೊಂದದಿದ್ದರೆ, ಅಥವಾ ಬ್ಲಾಕ್ ಆಗಿದೆ ಎಂದು ಬಂದರೆ, ಮಾತು ಅಲ್ಲಿಗೇ ಮುಗಿಯಬೇಕು. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಸಹ ಅಪರಾಧವೇ.

ಹಳೆಯ ಮಾಲೀಕರ ಬೀಗ

ಆಂಡ್ರಾಯ್ಡ್‌ನಲ್ಲಿ 2015ರಿಂದ, ಐಫೋನಿನಲ್ಲಿ 2013ರಿಂದ ಒಂದು ರಕ್ಷಣೆಯ ಬೀಗ ಇದೆ. ಮಾಲೀಕರು ತಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ತೆಗೆಯದೆ ಯಾರಾದರೂ ಬಲವಂತವಾಗಿ ರೀಸೆಟ್ ಮಾಡಿದರೆ, ಫೋನ್ ಮತ್ತೆ ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಆದ್ದರಿಂದ ಮಾರುವವರು ನಿಮ್ಮೆದುರೇ ಖಾತೆ ತೆಗೆದು ರೀಸೆಟ್ ಮಾಡಲಿ. ನಿಮ್ಮ ಖಾತೆ ಹಾಕಿ, ಮುಖಪರದೆ ತೆರೆದ ಮೇಲಷ್ಟೇ ಹಣ ಕೊಡಿ. ಕಂತಿನಲ್ಲಿ ಕೊಂಡ ಫೋನಾದರೆ ಸಾಲ ತೀರಿದ ಪತ್ರವನ್ನೂ ಕೇಳಿ.

ಅಮೆರಿಕದಿಂದ ನೆಂಟರು ತಂದ ಫೋನಿಗೆ ಬೇರೆ ತೊಡಕುಗಳಿವೆ. ಕೆಲವು ಅಲ್ಲಿನ ನೆಟ್‌ವರ್ಕ್ ಕಂಪನಿಗೇ ಲಾಕ್ ಆಗಿರುತ್ತವೆ. ಅಲ್ಲಿ ಮಾರಾಟವಾಗುವ ಐಫೋನ್ 14 ಮತ್ತು ನಂತರದ ಐಫೋನ್‌ಗಳಲ್ಲಿ ಸಿಮ್ ಟ್ರೇ ಇರುವುದಿಲ್ಲ, ಇ-ಸಿಮ್ ಮಾತ್ರ.

ಬ್ಯಾಟರಿಯ ಆಯಸ್ಸು

ಲಿಥಿಯಂ ಅಯಾನ್ ಬ್ಯಾಟರಿ ಚಾರ್ಜ್ ಆದಂತೆಲ್ಲ ಅದರೊಳಗಿನ ಲಿಥಿಯಂ ಸ್ವಲ್ಪ ಸ್ವಲ್ಪವೇ ಗ್ರಾಫೈಟ್ ವಿದ್ಯುದ್ವಾರದ ಮೇಲಿನ ಪದರದಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಸವೆತಕ್ಕೆ ವೇಗ ಹೆಚ್ಚು. ಒಟ್ಟು ಶೇ 100ರಷ್ಟು ಚಾರ್ಜ್ ಖರ್ಚಾದರೆ ಒಂದು ಸುತ್ತು. ಇಂದು ಅರ್ಧ, ನಾಳೆ ಅರ್ಧ ಬಳಸಿದರೂ ಒಂದೇ ಸುತ್ತು. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸುತ್ತಿನ ನಂತರ, 15ರ ಸರಣಿಯವು 1,000 ಸುತ್ತಿನ ನಂತರ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎನ್ನುತ್ತದೆ ಆ್ಯಪಲ್.

ಐಫೋನಿನಲ್ಲಿ, ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಈ ಆರೋಗ್ಯದ ಲೆಕ್ಕ ಸಿಗುತ್ತದೆ. ಶೇ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಊದಿಕೊಂಡ ಬ್ಯಾಟರಿಯನ್ನಂತೂ ಮುಟ್ಟಲೇಬೇಡಿ, ಅದು ಬೆಂಕಿಯ ಅಪಾಯ. ಫೋನನ್ನು ಕವರ್ ತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟು ಅಂಚನ್ನು ಸುತ್ತಲೂ ನೋಡಿ. ಪರದೆಯೋ ಹಿಂಬದಿಯೋ ಎದ್ದು ಸಂದಿ ಬಿಟ್ಟಿದ್ದರೆ ಅನುಮಾನವೇ ಬೇಡ, ವಾಪಸ್ ಕೊಟ್ಟುಬಿಡಿ.

ಪರದೆ ಮತ್ತು ನೀರಿನ ಗುರುತು

ಬೆಳಕನ್ನು ಪೂರ್ತಿ ಏರಿಸಿ, ಪರದೆ ತುಂಬ ಬಿಳಿ ಚಿತ್ರವೊಂದನ್ನು ತೆರೆಯಿರಿ. ಅಮೊಲೆಡ್ ಪರದೆ ಸವೆದಿದ್ದರೆ ಕೀಬೋರ್ಡಿನ ನೆರಳು ಕೆಳಗೆ, ಗಡಿಯಾರ ಮತ್ತು ನೆಟ್‌ವರ್ಕ್ ಗುರುತುಗಳ ನೆರಳು ಮೇಲೆ ಮಾಸಲಾಗಿ ಕಾಣುತ್ತವೆ. ಹಸಿರು ಅಥವಾ ಗುಲಾಬಿ ಗೆರೆ ಇದ್ದರೆ ಪರದೆಯನ್ನೇ ಬದಲಿಸಬೇಕು, ಆ ಖರ್ಚು ಕೆಲವೊಮ್ಮೆ ಫೋನಿನ ಬೆಲೆಯ ಹತ್ತಿರ ಹೋಗುತ್ತದೆ. ಬಹುತೇಕ ಸ್ಯಾಮ್‌ಸಂಗ್ ಫೋನ್‌ಗಳಲ್ಲಿ *#0*# ಒತ್ತಿದರೆ ಬಣ್ಣ, ಟಚ್, ಸ್ಪೀಕರ್ ಪರೀಕ್ಷೆಗಳ ಪಟ್ಟಿ ತೆರೆಯುತ್ತದೆ. ಐಫೋನ್ 12 ಮತ್ತು ನಂತರದವುಗಳಲ್ಲಿ ಪರದೆ, ಬ್ಯಾಟರಿ, ಕ್ಯಾಮೆರಾ ಬದಲಿಸಿದ್ದರೆ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ದಾಖಲಾಗಿರುತ್ತದೆ.

ಸಿಮ್ ಟ್ರೇ ಎಳೆದು ಆ ಸಂದಿಗೆ ಟಾರ್ಚ್ ಹಿಡಿಯಿರಿ. ಹಲವು ಮಾದರಿಗಳಲ್ಲಿ ಅಲ್ಲೊಂದು ಬಿಳಿ ಚುಕ್ಕೆ ಇರುತ್ತದೆ. ಅದು ಕೆಂಪಾಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ.

ಅಪ್‌ಡೇಟ್ ಎಲ್ಲಿಯವರೆಗೆ?

ಬ್ಯಾಟರಿ, ಪರದೆ ಚೆನ್ನಾಗಿದ್ದರೂ ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ಮತ್ತು ಯುಪಿಐ ವ್ಯವಹಾರ ಸುರಕ್ಷಿತವಲ್ಲ. ಕ್ರಮೇಣ ಆ್ಯಪ್‌ಗಳೂ ಕೈಬಿಡುತ್ತವೆ. 2025ರ ಜನವರಿ 1ರಿಂದ ಆಂಡ್ರಾಯ್ಡ್‌ನ ಹಳೆಯ ಕಿಟ್‌ಕ್ಯಾಟ್ ಆವೃತ್ತಿಯ ಫೋನ್‌ಗಳಲ್ಲಿ ವಾಟ್ಸಾಪ್ ನಿಂತಿತು. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್‌24 ಸರಣಿಗೆ 7 ವರ್ಷದ ಅಪ್‌ಡೇಟ್ ಭರವಸೆ ಇದೆ. ಅಗ್ಗದ ಫೋನ್‌ಗಳಿಗೆ ಈ ಅವಧಿ ಬಹಳ ಕಡಿಮೆ. ಈ ವರ್ಷಗಳ ಎಣಿಕೆ ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ಉಳಿದ ವರ್ಷಗಳಿಂದ ಬೆಲೆಯನ್ನು ಭಾಗಿಸಿ ನೋಡಿದರೆ, ಐದು ವರ್ಷ ಹಳೆಯ ದುಬಾರಿ ಫೋನಿಗಿಂತ ಎರಡು ವರ್ಷದ ಸಾಧಾರಣ ಫೋನೇ ಎಷ್ಟೋ ಸಲ ಲಾಭದ್ದು.

ವ್ಯವಹಾರ ಮುಗಿಸುವಾಗ

ಮೂಲ ಬಿಲ್ ಕೇಳಿ ಪಡೆಯಿರಿ. ಇಲ್ಲವೆಂದರೆ ಐಎಂಇಐ, ಬೆಲೆ, ದಿನಾಂಕ, ಮಾರಿದವರ ಹೆಸರು ಮತ್ತು ಸಹಿ ಇರುವ ರಸೀದಿಯಾದರೂ ಇರಲಿ. ಹಣವನ್ನು ನಗದಿಗಿಂತ ಯುಪಿಐ ಮೂಲಕ ಕೊಟ್ಟರೆ ದಾಖಲೆ ಉಳಿಯುತ್ತದೆ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ, ಚಾರ್ಜರ್ ಚುಚ್ಚಿ ಪಿನ್ ಸಡಿಲವಿದೆಯೇ ನೋಡಿ.

ಅಂಗಡಿಯವರು ಆತುರಪಡಿಸಿದರೂ ಸಂಕೋಚ ಬೇಡ. ದುಡಿದ ದುಡ್ಡಿಗೆ ತಕ್ಕ ವಸ್ತುವನ್ನು ಪರೀಕ್ಷಿಸಿ ಪಡೆಯುವುದು ಕೊಳ್ಳುವವರ ಹಕ್ಕು. ಪ್ರಾಮಾಣಿಕ ವ್ಯಾಪಾರಿ ಈ ಯಾವ ಪರೀಕ್ಷೆಗೂ ಅಡ್ಡ ಬರುವುದಿಲ್ಲ. ಅಡ್ಡ ಬಂದವರ ಬಳಿ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.