ಹಸುಳೆಯ ಮರಣಕಾರಣ: ಶಿರಗುಪ್ಪಿ ಸೀಮೆಯ ದಾಖಲೆಗಳನ್ನು ಕುರಿತು

ಕೃಷ್ಣಾತೀರದ ಶಿರಗುಪ್ಪಿ, ಉಗಾರ, ಕಾಗವಾಡಗಳ ಸೀಮೆಯಲ್ಲಿ ಶಿಶುವೊಂದು ತೀರಿಕೊಂಡರೆ, ಆ ಮರಣವು ಯಾವ ಪುಸ್ತಕಕ್ಕೆ ಏರತಕ್ಕುದೆಂಬುದು ಶಿಶು ಯಾವ ಊರಿನದೆಂಬುದರಿಂದಲ್ಲ, ಎಲ್ಲಿ ಅಸುನೀಗಿತೆಂಬುದರಿಂದಲೇ ನಿರ್ಣಯವಾಗುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಕ್ರಮವೇ ಅಂತಹುದು. ಮನೆಯಲ್ಲಿ ತೀರಿದ ಕೂಸು ಇಲ್ಲಿಯ ನೋಂದಣಿ ಪುಸ್ತಕಕ್ಕೆ ಬಂದರೆ, ಮಿರಜಿಗೋ ಸಾಂಗಲಿಗೋ ಒಯ್ಯಲ್ಪಟ್ಟು ಅಲ್ಲಿ ತೀರಿದ ಕೂಸು ಮಹಾರಾಷ್ಟ್ರದ ಪುಸ್ತಕವನ್ನು ಸೇರುತ್ತದೆ. ಆದಕಾರಣ ಒಂದೇ ಬದಿಯ ಪುಸ್ತಕವನ್ನು ನೋಡಿ ಈ ಸೀಮೆಯ ಶಿಶುಮರಣದ ಕಾರಣಗಳನ್ನು ಗಣಿಸಹೊರಟವನಿಗೆ, ವೈದ್ಯನ ಕಣ್ಣಿಗೆ ಬಿದ್ದ ಮರಣಗಳಲ್ಲಿ ಬಹಳಷ್ಟು ಕಾಣದೆಯೇ ಹೋಗಬಹುದು.

ಮುಂಬಯಿ ಪ್ರಾಂತದ ಕಾಲದಲ್ಲಿ ಗ್ರಾಮಾಧಿಕಾರಿಗಳು ಬರೆದುಕೊಡುತ್ತಿದ್ದ ಮರಣಪಟ್ಟಿಗಳಲ್ಲಿ ವಾಂತಿಭೇದಿ, ಸಿಡುಬು, ಅತಿಸಾರಗಳಂತೆ ಜ್ವರಕ್ಕೂ ಒಂದು ಅಂಕಣವಿತ್ತು. ತಿಳಿಯದ ಕಾರಣಗಳೆಲ್ಲ ಹೋಗಿ ಸೇರುತ್ತಿದ್ದುದು ಅದರಲ್ಲಿ. ಇಂದಿನ ಪ್ರಮಾಣಪತ್ರಗಳಲ್ಲಿ ಆ ಸ್ಥಾನವನ್ನು ‘ಹೃದಯ ಮತ್ತು ಶ್ವಾಸ ಸ್ತಂಭನ’ವೆಂಬ ಬರಹವು ಆಕ್ರಮಿಸಿದೆ. ಅದು ಸಾವಿನ ರೀತಿಯೇ ಹೊರತು ಕಾರಣವಲ್ಲ.

ಆದರೆ ಕಾರಣದ ಹೆಸರು ತಪ್ಪುವುದಕ್ಕಿಂತ ಗುರುತರವಾದ ದೋಷವೊಂದು ಇದಕ್ಕೂ ಮೊದಲೇ ಸಂಭವಿಸುತ್ತದೆಂದು ನನ್ನ ಮತ. ಹುಟ್ಟಿ ಅಳದೆ, ಉಸಿರೆಳೆಯದೆ, ಆದರೂ ಹೃದಯವು ಮೆಲ್ಲನೆ ಮಿಡಿಯುತ್ತಿರುವ ಹಸುಳೆಯನ್ನು ‘ಸತ್ತು ಹುಟ್ಟಿದ ಕೂಸು’ ಎಂದು ಬದಿಗಿರಿಸಿದರೆ, ಅದು ಶಿಶುಮರಣದ ಗಣನೆಯಿಂದಲೇ ಜಾರಿಹೋಗುತ್ತದೆ. ಮೃತಜನನಕ್ಕೆ ಬೇರೆಯೇ ನಮೂನೆಯುಂಟಷ್ಟೆ. ಇದು ಕೇವಲ ಊಹೆಯಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯ ವೈದ್ಯರ ಕೆಲಸವೇ ಸಾಕ್ಷಿ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಶಿವಪ್ರಸಾದ ಗೌಡರ್ ಮತ್ತು ಅವರ ಸಹೋದ್ಯೋಗಿಗಳು, ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವನ್ನು ಒರೆಸಿ, ಬೆಚ್ಚಗಿರಿಸಿ, ಚೀಲ ಮತ್ತು ಮುಖವಾಡದಿಂದ ಉಸಿರೂಡುವುದನ್ನು ಕಲಿಸಿ, ಅದರ ಪರಿಣಾಮವನ್ನು 2013ರಲ್ಲಿ ಪ್ರಕಟಿಸಿದರು. ಮೃತಜನನದ ಪ್ರಮಾಣವು ಶೇಕಡಾ 3.0ರಿಂದ 2.3ಕ್ಕೂ, ಚರ್ಮ ಕಳಚದೆ, ಅಂದರೆ ಗರ್ಭದಲ್ಲಿ ಬಹು ಮೊದಲೇ ಅಳಿದ ಗುರುತಿಲ್ಲದೆ, ಮೃತವೆಂದು ಬರೆಯಲ್ಪಟ್ಟ ಶಿಶುಗಳ ಪ್ರಮಾಣವು 1.7ರಿಂದ 0.9ಕ್ಕೂ ಇಳಿಯಿತು, ಆದರೆ ನವಜಾತ ಶಿಶುಮರಣವು ಏರಲಿಲ್ಲ. ಗರ್ಭದಲ್ಲಿಯೇ ಅಳಿದ ಜೀವವನ್ನು ಯಾವ ಶಿಕ್ಷಣವೂ ಮರಳಿ ತರಲಾರದಾದ್ದರಿಂದ, ಹಿಂದೆ ಮೃತವೆಂದು ಬರೆಯಲ್ಪಟ್ಟವುಗಳಲ್ಲಿ ಕೆಲವು ಬದುಕಿದ್ದ ಮಕ್ಕಳೇ ಆಗಿದ್ದುವೆಂದು ಒಪ್ಪದೆ ಗತಿಯಿಲ್ಲ. ಇದನ್ನು ಬರೆಯುವಾಗ ಲೇಖನಿ ತಡೆಯುತ್ತದೆ.

ಪುಸ್ತಕಗಳನ್ನು ನೆಚ್ಚದೆ ಮನೆಮನೆಗೆ ಹೋಗಿ ಮರಣವೃತ್ತಾಂತವನ್ನು ಕೇಳಿ ಬರೆದುಕೊಂಡು, ಇಬ್ಬರು ವೈದ್ಯರಿಂದ ಬೇರೆಬೇರೆಯಾಗಿ ಕಾರಣವನ್ನು ನಿರ್ಣಯಿಸುವ ಕ್ರಮವನ್ನು ಅನುಸರಿಸಿದ ‘ಹತ್ತು ಲಕ್ಷ ಮರಣಗಳ ಅಧ್ಯಯನ’ವು, ಭಾರತದ ನವಜಾತ ಶಿಶುಮರಣಗಳಲ್ಲಿ ಶೇಕಡಾ 78ರಷ್ಟು ಮೂರೇ ಕಾರಣಗಳಿಂದ, ಅಂದರೆ ಅವಧಿಪೂರ್ವ ಜನನ ಮತ್ತು ಕಡಿಮೆ ತೂಕ, ಸೋಂಕು, ಜನನಕಾಲದ ಉಸಿರುಗಟ್ಟುವಿಕೆ ಮತ್ತು ಪೆಟ್ಟು, ಇವುಗಳಿಂದ ಉಂಟಾಗುವುದೆಂದು 2010ರಲ್ಲಿ ತೋರಿಸಿತು. ಈ ಕ್ರಮದ ಬಲವೆಲ್ಲವೂ ಉತ್ತರ ಹೇಳುವವರಲ್ಲಿದೆ. ಹೆರಿಗೆಯ ಕೋಣೆಯನ್ನು ಹೊಕ್ಕಿರದ ಗಂಡನೋ ಮಾವನೋ ಪಡಸಾಲೆಯಲ್ಲಿ ಕುಳಿತು ಹೇಳಿದ್ದು ಬರಹಕ್ಕೆ ಬರುವಾಗ, ಕೂಸು ಒಮ್ಮೆಯಾದರೂ ಅತ್ತಿತೇ ಎಂಬುದನ್ನು ಬಲ್ಲ ಬಾಣಂತಿಯು ಒಳಗೆ ಮೌನವಾಗಿರುತ್ತಾಳೆ. ದಾವಣಗೆರೆಯಲ್ಲಿ ನಡೆದ ಒಂದು ಅಧ್ಯಯನದಲ್ಲಿ ಮಾಡಿದಂತೆ, ತೀರಿದ ಶಿಶುವಿನ ದೇಹದಿಂದ ಸೂಜಿಯ ಮೂಲಕ ಅಂಗಾಂಶವನ್ನು ತೆಗೆದು ಮರಣಕಾರಣವನ್ನು ಪರೀಕ್ಷಿಸುವ ಅನುಕೂಲವು ಹಳ್ಳಿಗಳಿಗೆ ಸದ್ಯಕ್ಕೆ ದೊರೆಯಲಾರದು. ಅದು ದೊರೆಯುವವರೆಗೆ, ಮಿಡಿತವಿತ್ತೇ ಇಲ್ಲವೇ ಎಂಬುದನ್ನೂ ತೂಕವನ್ನೂ ಹೆರಿಗೆಯಾದ ಗಳಿಗೆಯಲ್ಲಿಯೇ ದಾದಿಯು ಬರೆದಿಡುವಂತೆಯೂ, ತರುವಾಯ ಆಶಾ ಕಾರ್ಯಕರ್ತೆಯು ತಾಯಿಯೊಬ್ಬಳನ್ನೇ ಏಕಾಂತದಲ್ಲಿ ಕಂಡು ಸಮಾಧಾನದಿಂದ ಕೇಳುವಂತೆಯೂ ವಿಧಿಸುವುದು ತಾಲೂಕಿನ ಆರೋಗ್ಯಾಧಿಕಾರಿಯ ಕೈಯಲ್ಲಿಯೇ ಇದೆ.