ವಿಕ್ಟೋರಿಯಾ ಯುಗದ ಸೇನಾಧಿಕಾರಿಯ ಕೆಂಪು ಕೋಟು

ಬ್ರಿಟಿಷ್ ಆಡಳಿತಕಾಲದ ಚಿತ್ರಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ಉಡುಪೆಂದರೆ ಸೇನಾಧಿಕಾರಿಯ ಕೆಂಪು ಕೋಟು. ಧರಿಸಿದವನ ಹುದ್ದೆ, ದಳ, ನಾಡು ಇವೆಲ್ಲವನ್ನೂ ಅದು ನೋಡಿದೊಡನೆ ತಿಳಿಸುತ್ತಿತ್ತು. ಹೀಗೆ ಎದ್ದು ಕಾಣುವ ಗುಣವೇ ಮುಂದೆ ಅದಕ್ಕೆ ಮುಳುವಾಯಿತು. ವಿಕ್ಟೋರಿಯಾ ರಾಣಿಯ ಕಾಲದ (1837–1901) ಪದಾತಿದಳದ ಅಧಿಕಾರಿಗಳ ಈ ಕೋಟನ್ನು ಇಲ್ಲಿ ಸಂಕ್ಷಿಪ್ತವಾಗಿ ಪರಿಚಯಿಸುತ್ತಿದ್ದೇವೆ.

ವಿನ್ಯಾಸ: ಆರಂಭದಲ್ಲಿ ರೂಢಿಯಲ್ಲಿದ್ದುದು ‘ಕೋಟೀ’. ಅದರ ಮುಂಭಾಗ ಸೊಂಟದವರೆಗೆ ಮಾತ್ರ ಇದ್ದು, ಹಿಂಭಾಗ ಬಾಲದಂತೆ ಇಳಿಬಿದ್ದಿರುತ್ತಿತ್ತು. ಭುಜಗಳ ಮೇಲೆ ‘ಎಪೊಲೆಟ್’ ಎಂಬ ಕುಚ್ಚಿನ ಅಲಂಕಾರವಿರುತ್ತಿತ್ತು. ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗಲೇ, 1855ರಲ್ಲಿ, ಸೊಂಟದ ಕೆಳಗೂ ಸುತ್ತಲೂ ಮುಚ್ಚುವ ‘ಟ್ಯೂನಿಕ್’ ಅದರ ಸ್ಥಾನಕ್ಕೆ ಬಂದಿತು. ಮೊದಲು ಇದಕ್ಕೆ ಎರಡು ಸಾಲು ಗುಂಡಿಗಳಿದ್ದವು. 1856ರಿಂದ ಒಂದೇ ಸಾಲು.

ಬಣ್ಣ: ಸಾಮಾನ್ಯ ಸೈನಿಕನ ಕೋಟಿಗೆ ಬಹುಕಾಲ ಬಳಕೆಯಾದುದು ಮಂಜಿಷ್ಠೆಯ ಜಾತಿಯ ಬೇರಿನಿಂದ ತೆಗೆದ ಮಂದ ಕೆಂಪು. ಅಧಿಕಾರಿ ಸ್ವಂತ ಖರ್ಚಿನಲ್ಲಿ ಹೊಲಿಸಿಕೊಳ್ಳಬೇಕಾಗಿದ್ದ ಕೋಟಿಗಾದರೋ ಕೊಚಿನಿಲ್ ಕೀಟದಿಂದ ಪಡೆದ ಉಜ್ವಲ ಕೆಂಪು.

ಗುರುತುಗಳು: ಎಪೊಲೆಟ್ ತೆಗೆದ ಮೇಲೆ ಹುದ್ದೆಯನ್ನು ಸೂಚಿಸುವ ಕಿರೀಟ ಮತ್ತು ನಕ್ಷತ್ರಗಳು ಕಾಲರಿಗೆ ಬಂದವು, 1880ರಲ್ಲಿ ಭುಜದ ಹುರಿಗಳಿಗೆ ಸ್ಥಳಾಂತರಗೊಂಡವು. ಅಧಿಕಾರಿಯ ಕಡುಗೆಂಪು ರೇಷ್ಮೆ ಪಟ್ಟಿ ಎಡಭುಜದ ಮೇಲೆ, ಸಾರ್ಜೆಂಟನದು ಬಲಭುಜದ ಮೇಲೆ. 1881ರ ಸುಧಾರಣೆಯಲ್ಲಿ ಕಾಲರು ಮತ್ತು ಮುಂಗೈ ಪಟ್ಟಿಗಳ ಬಣ್ಣವನ್ನು ಗೊತ್ತುಪಡಿಸಲಾಯಿತು: ಇಂಗ್ಲೆಂಡ್ ಮತ್ತು ವೇಲ್ಸಿಗೆ ಬಿಳಿ, ಸ್ಕಾಟ್ಲೆಂಡಿಗೆ ಹಳದಿ, ಐರ್ಲೆಂಡಿಗೆ ಹಸಿರು, ‘ರಾಯಲ್’ ಬಿರುದಿನ ದಳಗಳಿಗೆ ನೀಲಿ.

ನಿರ್ಗಮನ: ದೂರದಿಂದಲೇ ಗುರಿ ತಪ್ಪದೆ ಹೊಡೆಯುವ ಬಂದೂಕುಗಳು ಬಂದ ಮೇಲೆ ಈ ವರ್ಣವೈಭವ ಪ್ರಾಣಾಪಾಯಕ್ಕೆ ಕಾರಣವಾಯಿತು. 1881ರ ಜನವರಿ 28ರಂದು ದಕ್ಷಿಣ ಆಫ್ರಿಕಾದ ಲೈಂಗ್ಸ್ ನೆಕ್‌ನಲ್ಲಿ ಕೆಂಪು ಕೋಟು ತೊಟ್ಟು ಬೆಟ್ಟವೇರಿದ 58ನೆಯ ರೆಜಿಮೆಂಟ್ ಬೋಯರರ ಗುಂಡಿಗೆ ಸಿಕ್ಕಿ ಅಪಾರ ಸಾವುನೋವು ಅನುಭವಿಸಿತು. 1899ರಲ್ಲಿ ಆರಂಭವಾದ ಎರಡನೆಯ ಬೋಯರ್ ಯುದ್ಧದಲ್ಲಿ ಕೆಂಪಿನ ಬದಲು ಖಾಕಿ ಇತ್ತು. ಆದರೂ ಅನೇಕ ಅಧಿಕಾರಿಗಳು ಗುರುತು ಸಿಗಬಾರದೆಂದು ಖಡ್ಗವನ್ನು ಬದಿಗಿಟ್ಟು ಸೈನಿಕರಂತೆ ಬಂದೂಕು ಹಿಡಿದರು. 1902ರಲ್ಲಿ ಖಾಕಿ ಸಮವಸ್ತ್ರ ಇಡೀ ಸೇನೆಗೆ ವಿಧಿಸಲ್ಪಟ್ಟಿತು.

ಈ ಖಾಕಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಮೊದಲು ರೂಪಿಸಿದರೆಂದು ನಾವು ಅಭಿಮಾನದಿಂದ ಹೇಳುವುದುಂಟು. ಆದರೆ 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕಟ್ಟಿದ ‘ಗೈಡ್ಸ್’ ದಳ, 1851ರಲ್ಲಿ ಹಾಲರ್ ಮಂಗಳೂರಿಗೆ ಬರುವ ಮೊದಲೇ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. ಮಂಗಳೂರಿನ ಖಾಕಿ ಬಟ್ಟೆಯ ಹೆಸರು ಇದರಿಂದ ಕುಂದುವುದಿಲ್ಲ.

ವಸ್ತುಸಂಗ್ರಹಾಲಯಗಳಲ್ಲಿ ಪದಾತಿದಳದ ಕೆಂಪು ಟ್ಯೂನಿಕ್ ಕಂಡಾಗ ಓದುಗರು ಮೊದಲು ಅದರ ಕಾಲರನ್ನು ಗಮನಿಸಬೇಕು. ಹುದ್ದೆಯ ಕಿರೀಟ, ನಕ್ಷತ್ರಗಳು ಅಲ್ಲಿದ್ದರೆ ಅದು 1855ರಿಂದ 1880ರ ನಡುವಿನದೆಂದು ತಿಳಿಯಬಹುದಾಗಿದೆ.