ಕೊಡುವ ಮೊದಲು ಕೇಳಿದ ಪ್ರಶ್ನೆಗಳು: ತುರ್ತು ಔಷಧಗಳ ಚರಿತ್ರೆಯಿಂದ ಕೆಲವು ಪಾಠಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದೇ ಅವರು ಎಣಿಸಿದ್ದರು. ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಆದರೆ ಊರಿನವರಿಗೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿದ್ದ ವಿಷಯ ಬೇರೆ. ನಾನು ವೈದ್ಯನಲ್ಲ. ಮನೆಯಲ್ಲಿ ನಡೆದ ಒಂದು ಘಟನೆಯಿಂದಾಗಿ ತುರ್ತು ಔಷಧಗಳ ಚರಿತ್ರೆ ಓದತೊಡಗಿದೆ. ಓದಿದ್ದನ್ನು, ಬಲ್ಲವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೂರು ವರ್ಷದ ಹಿಂದೆ ಯುಗಾದಿ ಹಬ್ಬಕ್ಕೆ ಊರಿಗೆ ಬಂದಿದ್ದೆ. ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಎದೆನೋವು ಶುರುವಾಯಿತು. ಮೈಯೆಲ್ಲ ಬೆವರು. ಅಮ್ಮ ಬೀಸಣಿಗೆ ಹಿಡಿದು ಕೂತಳು. ತಮ್ಮ 108ಕ್ಕೆ ಫೋನ್ ಮಾಡಿದ. ಪಕ್ಕದ ಮನೆಯ ದೊಡ್ಡಪ್ಪನಿಗೆ ಹೃದಯದ ತೊಂದರೆಯಿದ್ದು, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅವರಲ್ಲಿ ಇರುತ್ತದೆಂದು ನನಗೆ ಗೊತ್ತಿತ್ತು. ಓಡಿಹೋಗಿ ಒಂದು ಮಾತ್ರೆ ತಂದೆ. ಅಪ್ಪನ ಬಾಯಿಗೆ ಇಡಬೇಕು ಅನ್ನುವಷ್ಟರಲ್ಲಿ ಆಂಬ್ಯುಲೆನ್ಸ್ ಬಂತು.

ಒಳಗೆ ಬಂದ ಯುವಕ ನನ್ನ ಕೈ ನೋಡಿ, "ತಡೀರಿ ಸಾರ್" ಅಂದ. ಅಪ್ಪನಿಗೆ ಏನೇನು ಕಾಯಿಲೆ ಇದೆ, ದಿನಾ ಯಾವ ಮಾತ್ರೆ ತಗೊಳ್ತಾರೆ, ಯಾವುದಾದರೂ ಔಷಧ ಮೈಗೆ ಆಗುವುದಿಲ್ಲವೇ, ಹೊಟ್ಟೆಯಲ್ಲಿ ಹುಣ್ಣಾಗಿತ್ತೇ ಎಂದು ಒಂದೊಂದೇ ಕೇಳಿದ. ರಕ್ತದೊತ್ತಡ ನೋಡಿದ. ಕೇಂದ್ರದ ವೈದ್ಯರೊಡನೆ ಫೋನಿನಲ್ಲಿ ಮಾತಾಡಿದ. ಆಮೇಲೆ ಆಸ್ಪಿರಿನ್ ಕೊಟ್ಟು, "ನುಂಗಬೇಡಿ, ಅಗಿಯಿರಿ" ಅಂದ. ನಾನು ತಂದ ಮಾತ್ರೆಯನ್ನು ಮಾತ್ರ ಕೊಡಲಿಲ್ಲ.

"ಮಾತ್ರೆ ಕೈಯಲ್ಲೇ ಇದ್ದರೂ ಯಾಕೆ ಕೊಡ್ತಾ ಇಲ್ಲ?" ಎಂದು ನಾನು ರೇಗಿದೆ. "ಬಿ.ಪಿ. ಈಗಲೇ ಬಹಳ ಇಳಿದಿದೆ ಸಾರ್. ಇದು ಕೊಟ್ಟರೆ ಇನ್ನೂ ಇಳಿಯುತ್ತೆ" ಅಂದ ಅಷ್ಟೇ. ಸ್ಟ್ರೆಚರ್ ಹಿಡಿಯಲು ನನ್ನನ್ನೇ ಕರೆದ. ಮರುದಿನ ಆಸ್ಪತ್ರೆಯ ವೈದ್ಯರು ಅದನ್ನೇ ವಿವರಿಸಿದರು. ನಾನು ಪ್ರೀತಿಯಿಂದಲೇ ತಂದಿದ್ದ ಮಾತ್ರೆ ಆ ಹೊತ್ತಿನಲ್ಲಿ ಅಪ್ಪನಿಗೆ ಅಪಾಯ ಮಾಡುತ್ತಿತ್ತು. ಅಪ್ಪ ಈಗ ಚೆನ್ನಾಗಿದ್ದಾರೆ. ಆ ಯುವಕ ಕೇಳಿದ ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಒಂದು ದೊಡ್ಡ ಚರಿತ್ರೆ.

ಸಿಡಿಮದ್ದಿನಿಂದ ಮಾತ್ರೆಗೆ

ನಾನು ತಂದಿದ್ದ ಮಾತ್ರೆಯ ಜಾತಿಯ ಮೊದಲ ಔಷಧ ನೈಟ್ರೋಗ್ಲಿಸರಿನ್. 1847ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಅಸ್ಕಾನಿಯೊ ಸೊಬ್ರೆರೊ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದ. ಒಂದಿಷ್ಟನ್ನು ನಾಲಿಗೆಗೆ ತಾಗಿಸಿ ನೋಡಿದಾಗ ಅವನಿಗೆ ವಿಪರೀತ ತಲೆನೋವು ಬಂತು. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್ ಒಳಗಿರುವುದೂ ಇದೇ ವಸ್ತು. ಡೈನಮೈಟ್ ಕಾರ್ಖಾನೆಯ ಕೆಲಸಗಾರರಿಗೆ ರಜೆ ಮುಗಿಸಿ ಬಂದ ಸೋಮವಾರ ತಲೆನೋವು ಬರುತ್ತಿತ್ತು, ವಾರ ಕಳೆದಂತೆ ಮೈ ಅದಕ್ಕೆ ಒಗ್ಗಿ ನೋವು ಕಡಿಮೆಯಾಗುತ್ತಿತ್ತು. ಈ ವಸ್ತು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ತಲೆನೋವಿಗೆ ಅದೇ ಕಾರಣ.

1867ರಲ್ಲೇ ಲಾಡರ್ ಬ್ರಂಟನ್ ಎಂಬ ವೈದ್ಯ ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ದ್ರವದ ಆವಿಯನ್ನು ಮೂಸಿಸಿ, ನೋವು ಶಮನವಾದದ್ದನ್ನು ಪ್ರಕಟಿಸಿದ. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ನಿನ ತೆಳು ದ್ರಾವಣವನ್ನು ಮೊದಲು ತನ್ನ ಮೇಲೇ ಪ್ರಯೋಗಿಸಿ, ನಂತರ ಎದೆನೋವಿನ ರೋಗಿಗಳಿಗೆ ಕೊಟ್ಟು ವರದಿ ಬರೆದ. ಕಡೆಗಾಲದಲ್ಲಿ ಹೃದಯದ ಕಾಯಿಲೆ ಬಂದ ನೊಬೆಲ್‌ಗೂ ವೈದ್ಯರು ಇದನ್ನೇ ಬರೆದುಕೊಟ್ಟರು. ವಿಧಿಯ ಆಟ ನೋಡು ಎಂಬ ಅರ್ಥದಲ್ಲಿ ಅವನು 1896ರಲ್ಲಿ ತನ್ನ ಸಹಾಯಕನಿಗೆ ಪತ್ರ ಬರೆದಿದ್ದಾನೆ. ಇದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಮೂಲಕ ಕೆಲಸ ಮಾಡುತ್ತದೆ ಎಂಬುದು ತಿಳಿಯಲು ಮತ್ತೆ ಹಲವು ದಶಕ ಬೇಕಾಯಿತು. ರಕ್ತನಾಳಗಳಲ್ಲಿ ಆ ಅನಿಲದ ಪಾತ್ರವನ್ನು ತೋರಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಹೆಸರಿನ ಬಹುಮಾನವೇ ಬಂತು.

ಇದನ್ನು ನಾಲಿಗೆಯ ಕೆಳಗೇ ಏಕೆ ಇಡಬೇಕು? ನುಂಗಿದ ಔಷಧ ಕರುಳಿನಿಂದ ನೇರವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗುತ್ತದೆ. ನೈಟ್ರೋಗ್ಲಿಸರಿನ್ನಿನ ಬಹುಪಾಲನ್ನು ಯಕೃತ್ತು ಅಲ್ಲೇ ಒಡೆದುಹಾಕುತ್ತದೆ. ನಾಲಿಗೆಯ ಕೆಳಗಿನ ತೆಳು ಚರ್ಮದಿಂದಾದರೆ ಅದು ಯಕೃತ್ತನ್ನು ದಾಟದೆ ರಕ್ತಕ್ಕೆ ಸೇರಿ, ಒಂದೆರಡು ನಿಮಿಷದಲ್ಲಿ ಕೆಲಸ ಶುರುಮಾಡುತ್ತದೆ. ರಕ್ತನಾಳ ಹಿಗ್ಗಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗಿ, ಅದರ ಹೊರೆ ಇಳಿಯುತ್ತದೆ. ಆದರೆ ರಕ್ತದೊತ್ತಡ ಈಗಾಗಲೇ ಕುಸಿದವರಿಗೆ ಇದೇ ಗುಣ ಮಾರಕ. ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡವರಿಗೂ ಹಾಗೆಯೇ, ಎರಡೂ ಸೇರಿ ಒತ್ತಡ ಅಪಾಯಕರವಾಗಿ ಬೀಳುತ್ತದೆ. ಆಂಬ್ಯುಲೆನ್ಸಿನವರು ಇದನ್ನು ಕೇಳಿದರೆ ನಾಚಿಕೆಪಡದೆ ನಿಜ ಹೇಳಬೇಕು.

ಆಸ್ಪಿರಿನ್ ಕಥೆಯೂ ಹೀಗೇ. ಜ್ವರ, ನೋವಿನ ಮಾತ್ರೆಯಾಗಿದ್ದ ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. 17,000ಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆಸ್ಪಿರಿನ್ ಪಡೆದವರಲ್ಲಿ ಮೊದಲ ಐದು ವಾರದ ಸಾವು ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ರಕ್ತಸ್ರಾವವಾಗುವ ಹುಣ್ಣಿದ್ದವರಿಗೆ ಮಾತ್ರ ಅದೇ ಮುಳುವಾಗಬಹುದು. ಹೊಟ್ಟೆಯ ಹುಣ್ಣಿನ ಪ್ರಶ್ನೆ ಬಂದದ್ದು ಅದಕ್ಕೆ.

ಎಷ್ಟು ಎಂಬುದರ ಪಾಠ

ವಿಷ, ಮದ್ದು ಎರಡನ್ನೂ ಬೇರೆ ಮಾಡುವುದು ಪ್ರಮಾಣವೇ ಎಂದು ಹದಿನಾರನೇ ಶತಮಾನದಲ್ಲೇ ಪ್ಯಾರಾಸೆಲ್ಸಸ್ ಎಂಬ ಯುರೋಪಿನ ವೈದ್ಯ ಹೇಳಿದ್ದ. ತುರ್ತು ಔಷಧಗಳಲ್ಲಿ ಈ ಮಾತಿಗೆ ಒಳ್ಳೆಯ ಉದಾಹರಣೆ ಅಡ್ರಿನಲಿನ್.

ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯ ರಸ ರಕ್ತದೊತ್ತಡವನ್ನು ಏರಿಸುತ್ತದೆಂದು 1890ರ ದಶಕದಲ್ಲಿ ಇಂಗ್ಲೆಂಡಿನ ಆಲಿವರ್ ಮತ್ತು ಶೇಫರ್ ತೋರಿಸಿದರು. ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ಜೋಕಿಚಿ ತಕಾಮಿನೆ 1901ರ ಹೊತ್ತಿಗೆ ಅದನ್ನು ಹರಳು ರೂಪದಲ್ಲಿ ಬೇರ್ಪಡಿಸಿದ. 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೆ, ಒಮ್ಮೆ ತಡೆದುಕೊಂಡ ವಸ್ತುವೇ ಎರಡನೇ ಸಲ ಅತಿ ಚಿಕ್ಕ ಪ್ರಮಾಣದಲ್ಲಿ ಪ್ರಾಣಿಯನ್ನು ಕೊಲ್ಲಬಲ್ಲದೆಂದು ಕಂಡು, ಅದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ಹೆಜ್ಜೇನು ಕಡಿದಾಗಲೋ ಒಂದು ಇಂಜೆಕ್ಷನ್ ಆದಮೇಲೋ ಕೆಲವರಿಗೆ ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿ, ಒತ್ತಡ ಕುಸಿಯುತ್ತದಲ್ಲ, ಅದೇ ಇದು. ಅದಕ್ಕೆ ಮೊದಲ ಮದ್ದು ಅಡ್ರಿನಲಿನ್. ಉಸಿರಿನ ದಾರಿಯನ್ನು ಅದು ತೆರೆಯುತ್ತದೆ, ಒತ್ತಡವನ್ನು ಏರಿಸುತ್ತದೆ.

ದೊಡ್ಡವರಿಗೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುತ್ತಾರೆ. ಅಲ್ಲಿಂದ ಬೇಗ ರಕ್ತಕ್ಕೆ ಸೇರುತ್ತದೆ. ಅದನ್ನೇ ನೇರವಾಗಿ ರಕ್ತನಾಳಕ್ಕೆ ಕೊಟ್ಟುಬಿಟ್ಟರೆ ಹೃದಯದ ಬಡಿತ ಕೆಡಬಹುದು. ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಐದು ನಿಮಿಷದ ಮೇಲೆ ಮತ್ತೆ ಕೊಡಬೇಕಾಗಬಹುದು. ಆದ್ದರಿಂದ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಇದೇ ಔಷಧ ಎರಡು ತೀವ್ರತೆಗಳಲ್ಲಿ ಸಿಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ, ಇನ್ನೊಂದರಲ್ಲಿ 0.1 ಮಿಲಿಗ್ರಾಂ. ಹಿಂದೆ ಇವನ್ನು 1:1000, 1:10,000 ಎಂದು ಬರೆಯುತ್ತಿದ್ದರು. ಅವಸರದಲ್ಲಿ ಒಂದು ಸೊನ್ನೆ ಕಣ್ಣು ತಪ್ಪಿದರೆ ಪ್ರಮಾಣ ಹತ್ತು ಪಟ್ಟು! ಇಂಥ ತಪ್ಪುಗಳು ಆದದ್ದರಿಂದಲೇ ಅಮೆರಿಕದಲ್ಲಿ 2016ರಿಂದ ಲೇಬಲ್ಲಿನಲ್ಲಿ ಈ ಅನುಪಾತದ ಬರಹವನ್ನು ತೆಗೆದು ಮಿಲಿಗ್ರಾಂ ಲೆಕ್ಕ ಮಾತ್ರ ಉಳಿಸಿದರು. ನನ್ನ ಕೆಲಸದಲ್ಲೂ ಅಳತೆಯ ಮಾನ ತಪ್ಪಿದರೆ ಪ್ರೋಗ್ರಾಂ ತಪ್ಪುತ್ತದೆ, ಆದರೆ ನಾವು ತಿದ್ದಿ ಮತ್ತೆ ಓಡಿಸಬಹುದು. ಇದನ್ನು ಓದುವಾಗ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು. ಪ್ರಯೋಗಾಲಯದ ಆ ಒಂದೇ ಬೀರುವಿನ ಮುಂದೆ ನಿಂತು, ಸೀಸೆ ತೆಗೆಯುವಾಗ ಒಮ್ಮೆ, ಸುರಿಯುವಾಗ ಒಮ್ಮೆ, ವಾಪಸ್ಸು ಇಡುವಾಗ ಒಮ್ಮೆ ಲೇಬಲ್ ಓದಿ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ದಾದಿಯರಿಗೂ ಔಷಧದ ಲೇಬಲ್ಲನ್ನು ಮೂರು ಸಲ ಓದಬೇಕೆಂದೇ ಕಲಿಸುತ್ತಾರೆ ಎಂದು ಈಗ ತಿಳಿಯಿತು.

ಹಾವಿನ ವಿಷ ಮತ್ತು ಕುದುರೆಯ ರಕ್ತ

ನಮ್ಮಂಥ ಊರಿನಲ್ಲಿ ಹಾವಿನ ಮಾತು ಬಿಟ್ಟರೆ ಈ ಲೇಖನ ಅಪೂರ್ಣ. ವಿಯೆಟ್ನಾಮಿನ ಸೈಗಾನ್‌ನಲ್ಲಿ ನಾಗರಹಾವಿನ ವಿಷದ ಅಭ್ಯಾಸ ಮಾಡಿದ್ದ ಫ್ರಾನ್ಸಿನ ಆಲ್ಬರ್ಟ್ ಕ್ಯಾಲ್ಮೆಟ್ 1890ರ ದಶಕದ ಮಧ್ಯದಲ್ಲಿ ಪ್ರತಿವಿಷ ತಯಾರಿಸಿದ. ಪ್ರಾಣಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು ಹುಟ್ಟುತ್ತದೆ. ಈ ಕೆಲಸಕ್ಕೆ ಕುದುರೆಗಳನ್ನು ಬಳಸತೊಡಗಿದರು. ಒಂದೇ ಪ್ರತಿವಿಷ ಎಲ್ಲ ಹಾವಿಗೂ ಸಾಕು ಎಂಬ ಕ್ಯಾಲ್ಮೆಟ್‌ನ ನಂಬಿಕೆ ಮಾತ್ರ ನಿಲ್ಲಲಿಲ್ಲ. ಪ್ರತಿ ಬಗೆಯ ವಿಷಕ್ಕೂ ತಕ್ಕ ಪ್ರತಿವಿಷವೇ ಬೇಕೆಂದು ಬ್ರೆಜಿಲ್‌ನ ವಿಟಾಲ್ ಬ್ರಾಜಿಲ್ ತೋರಿಸಿಕೊಟ್ಟ. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಸೇರಿಸಿ ಮಾಡಿದ್ದು.

ನನಗೆ ಅಚ್ಚರಿ ತಂದ ವಿಷಯವೆಂದರೆ, ಪ್ರತಿವಿಷ ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಬೇರೆ ಔಷಧ ಮಗುವಿನ ತೂಕ ನೋಡಿ ಕಡಿಮೆ ಮಾಡುತ್ತಾರೆ. ಇಲ್ಲಿ ಮದ್ದು ಹೋರಾಡುವುದು ವಿಷದ ಜೊತೆ. ಹಾವು ಕಡಿಯುವಾಗ ಮಗುವೆಂದು ವಿಷ ಕಡಿಮೆ ಮಾಡುವುದಿಲ್ಲ.

ಕುದುರೆಯ ಪ್ರೋಟೀನು ಕೆಲವರ ಮೈಗೆ ಆಗದೆ, ಮೇಲೆ ಹೇಳಿದ ಅನಾಫಿಲ್ಯಾಕ್ಸಿಸ್ ಆಗಬಹುದು. ಹಾಗಾಗಿ ಪ್ರತಿವಿಷ ಕೊಡುವಾಗ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಾಗಿರಬೇಕು, ವೈದ್ಯರು ನೋಡುತ್ತಿರಬೇಕು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನಲು ಇದೇ ಕಾರಣ. ನಮ್ಮ ಕೆಲಸ ಇಷ್ಟು: ಕಡಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಕೈಕಾಲು ಅಲ್ಲಾಡದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಉಪ್ಪು, ಸಕ್ಕರೆ, ನೀರು

ಅಗ್ಗದ ಔಷಧದ ಕಥೆ ಬಂಗಾಳದ್ದು. ಕರುಳಿನಲ್ಲಿ ಸಕ್ಕರೆ ಅಂಶದ ಜೊತೆ ಉಪ್ಪಿನ ಅಂಶವೂ ಒಳಗೆ ಹೋಗುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ ಎಂಬುದು 1960ರ ದಶಕದಲ್ಲಿ ತಿಳಿಯಿತು. ಢಾಕಾದಲ್ಲಿ ಕಾಲರಾ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. 1971ರ ಯುದ್ಧಕಾಲದಲ್ಲಿ ಬಂಗಾವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಡ್ರಿಪ್ ಬಾಟಲಿಗಳು ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ತುಂಬಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ಇಲ್ಲೂ ಅಳತೆ ಮುಖ್ಯ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದು ಲೀಟರಿಗೇ ಬೆರೆಸಬೇಕು. ಅರ್ಧ ಲೀಟರಿಗೆ ಬೆರೆಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮತ್ತೊಂದು ಮಾತು: ಎಚ್ಚರ ತಪ್ಪಿದವರ ಬಾಯಿಗೆ ಇದನ್ನಾಗಲಿ, ಸಕ್ಕರೆ ನೀರನ್ನಾಗಲಿ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮದ್ದು ಕೊಡುವವರು

ವೈದ್ಯರಲ್ಲದವರು ರಸ್ತೆಯಲ್ಲಿ ಔಷಧ ಕೊಡುವುದು ಹಳೆಯ ಪದ್ಧತಿಯೇನಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪೀಟರ್ ಸಫಾರ್ ಎಂಬ ವೈದ್ಯ 1966ರಲ್ಲಿ ಆಸ್ತಮಾದಿಂದ ತನ್ನ ಮಗಳನ್ನು ಕಳೆದುಕೊಂಡ. ಮರುವರ್ಷ ಅಲ್ಲಿ ಫ್ರೀಡಂ ಹೌಸ್ ಎಂಬ ಆಂಬ್ಯುಲೆನ್ಸ್ ಸೇವೆಯನ್ನು ಕಟ್ಟಲು ಕೈಜೋಡಿಸಿದ. ಕೆಲಸವಿಲ್ಲದ ಕಪ್ಪು ಜನಾಂಗದ ಯುವಕರನ್ನು ಆರಿಸಿ ತರಬೇತಿ ಕೊಟ್ಟರು. ಮುಂದೆ ಅವರ ಹೊಣೆ ಹೊತ್ತ ಡಾ. ನ್ಯಾನ್ಸಿ ಕ್ಯಾರೊಲಿನ್ ಬರೆದ ಪಠ್ಯಪುಸ್ತಕ ಬಹಳ ಕಡೆ ಪಾಠವಾಯಿತು. ನಮ್ಮ ದೇಶದಲ್ಲಿ 108 ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಶುರುವಾಯಿತು. ಕರ್ನಾಟಕಕ್ಕೆ 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಟ್ರ್ಯಾಕ್ಟರೋ ಬಾಡಿಗೆ ಜೀಪೋ ಹುಡುಕಬೇಕಿತ್ತು.

ಆ ರಾತ್ರಿ ಬಂದ ಯುವಕನ ಹೆಸರು ಕೇಳುವುದೂ ನನಗೆ ಹೊಳೆಯಲಿಲ್ಲ. ನಮ್ಮದೇ ಶಾಲೆಯಂಥ ಒಂದು ಸರ್ಕಾರಿ ಶಾಲೆಯಲ್ಲಿ ಓದಿದವನಿರಬೇಕು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಐದನ್ನು ಅವರಿಗೆ ಬಾಯಿಪಾಠ ಮಾಡಿಸುತ್ತಾರಂತೆ. ನಾನು ರೇಗಿದರೂ ಅವನು ಅದನ್ನು ಬಿಡಲಿಲ್ಲ.

ಅವನ ಪ್ರಶ್ನೆಗಳಿಗೆ ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅಮ್ಮ "ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಕೆಂಪು" ಅಂದಳು. ಬಿಳಿ ಮಾತ್ರೆ ಸಾವಿರ ಇವೆ. ಹಾಗಾಗಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ವಿನಂತಿ. ಪ್ರತಿ ಮನೆಯಲ್ಲೂ ಒಂದು ಹಾಳೆಯಲ್ಲಿ ಮನೆಯವರ ಹೆಸರು, ವಯಸ್ಸು, ಇರುವ ಕಾಯಿಲೆ, ತೆಗೆದುಕೊಳ್ಳುವ ಔಷಧದ ಹೆಸರು ಮತ್ತು ಪ್ರಮಾಣ, ಮೈಗೆ ಆಗದ ಔಷಧ, ಇಷ್ಟನ್ನು ಬರೆದು ಬಾಗಿಲ ಹಿಂದೆ ಅಂಟಿಸಿ. ಬರೆಯಲು ಬಾರದ ಮನೆಗಳಿಗೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಹೋಗಿ ಮಾತ್ರೆಯ ಪಟ್ಟಿ ನೋಡಿ ಬರೆದುಕೊಡಬಹುದು. ಹಾಳೆ, ಪೆನ್ನಿನ ಖರ್ಚು ನಮ್ಮ ಬ್ಯಾಚಿನದು. ಮುಖ್ಯೋಪಾಧ್ಯಾಯರು ಒಪ್ಪಿದರೆ ಮಹೋತ್ಸವದ ಮರುವಾರವೇ ಶುರುಮಾಡೋಣ. ಮೊದಲ ಹಾಳೆ ನಮ್ಮ ಮನೆಯ ಬಾಗಿಲ ಹಿಂದೆ ಈಗಾಗಲೇ ಇದೆ.